ಸಣ್ಣ ಡಬ್ಬಿಯ ಹಾಲು

ಭಾನುಪ್ರಿಯ ತನ್ನ ಕೂಸಿಗೆ ಎದೆಹಾಲು ಕೊಡುವುದನ್ನು ನಿಲ್ಲಿಸಿದ್ದು, ಅವಳ ಗಂಡ ಸ್ವಾಮಿ ಕನಕಪುರದಿಂದ ಒಂದು ವಿಡಿಯೊ ಕಳಿಸಿದ ಮೇಲೆ. ಸ್ವಾಮಿ ತನ್ನ ಫೋನಿಗೆ ಬಂದದ್ದನ್ನೆಲ್ಲ ನೋಡದೆಯೇ ಮುಂದಕ್ಕೆ ಕಳಿಸುವ ಮನುಷ್ಯ. ಬೆಳಗಿನ ದೇವರ ಫೋಟೊ, ಮೊಣಕಾಲು ನೋವಿಗೆ ಬೆಂಡೆಕಾಯಿ ನೀರು, ಯಾವುದೋ ಸಂತೆಯಲ್ಲಿ ಹೋರಿ ಯಾರನ್ನೋ ತಿವಿದದ್ದು, ಎಲ್ಲವೂ ಅವನ ಬೆರಳಿನಿಂದ ಹೆಂಡತಿಯ ಕಡೆಗೆ ಹರಿಯುತ್ತಿದ್ದವು. ಇದನ್ನೂ ಹಾಗೆಯೇ ಕಳಿಸಿ, ಊಟ ಮಾಡಿ ಮಲಗಿಬಿಟ್ಟಿದ್ದ. ಅದರಲ್ಲಿ ಬಿಳಿ ಕೋಟಿನ ಹೆಂಗಸೊಬ್ಬಳು, ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಚೂರುಗಳು ಮನುಷ್ಯರ ರಕ್ತದಲ್ಲಿ, ಶ್ವಾಸಕೋಶದಲ್ಲಿ, ಬಸುರಿಯರ ಮಾಸಿನಲ್ಲಿ, ಕೊನೆಗೆ ತಾಯಂದಿರ ಎದೆಹಾಲಿನಲ್ಲೂ ಸಿಕ್ಕಿವೆ ಎಂದು ಬಹಳ ಸಮಾಧಾನದಿಂದ ವಿವರಿಸುತ್ತಿದ್ದಳು.

ಭಾನುಪ್ರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ವಿಡಿಯೊ ನೋಡಿ ನಂಬುವವಳಲ್ಲ, ನಿಜವೋ ಸುಳ್ಳೋ ಎಂದು ಹುಡುಕಿ ಓದುವವಳು. ಹುಡುಕಿ ಓದಿದಳು. ನಿಜವಾಗಿತ್ತು. ಸುಳ್ಳಾಗಿದ್ದರೆ ಮನೆಯವರೆಲ್ಲ ಉಳಿದುಕೊಳ್ಳುತ್ತಿದ್ದರು.

ಅವಳು ಬಾಣಂತನಕ್ಕೆಂದು ಸೋಲೂರಿನ ಹತ್ತಿರದ ತವರಿಗೆ ಬಂದಿದ್ದಳು. ತಾಯಿ ವೆಂಕಟಲಕ್ಷ್ಮಮ್ಮ ಸಬ್ಬಸಿಗೆ ಸೊಪ್ಪಿನ ಸಾರು ಹಿಡಿದು ಕೋಣೆಗೆ ಬಂದಾಗ ಮಗಳು ತಲೆಗೆ ಬಟ್ಟೆ ಕಟ್ಟಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು, ಗೋಡೆಗೆ ಒರಗಿ, ಬಸುರಿಯಾಗಿದ್ದ ತಿಂಗಳುಗಳಲ್ಲಿ ತಾನು ಮಾಡಿದ ಪಾಪಗಳನ್ನು ಒಂದೊಂದಾಗಿ ನೆನೆಯುತ್ತಿದ್ದಳು. ಸ್ಕೂಲಿನ ಸ್ಟಾಫ್ ರೂಮಿಗೆ ಟೀ ಬರುತ್ತಿದ್ದದ್ದು ಪ್ಲಾಸ್ಟಿಕ್ ಕವರಿನಲ್ಲಿ, ಕೈ ಸುಡುವಷ್ಟು ಬಿಸಿಯಾಗಿ. ಮನೆಗೆ ಹೋಗುವಾಗ ಹೋಟೆಲಿನ ಸಾಂಬಾರು, ಅದೂ ಕವರಿನಲ್ಲಿ. ಅದನ್ನೆಲ್ಲ ಕುಡಿದು, ತಿಂದು, ರಕ್ತ ಮಾಡಿಕೊಂಡು, ಈಗ ಹಾಲು ಮಾಡಿ ಕೂಸಿನ ಬಾಯಿಗೆ ಬಿಡುತ್ತಿದ್ದೇನೆ ಎಂದಳು. ವೆಂಕಟಲಕ್ಷ್ಮಮ್ಮನಿಗೆ ಮಾಗಡಿ ಬಸ್‌ಸ್ಟ್ಯಾಂಡಿನಲ್ಲಿ ತಾನು ಕುಡಿದ ಟೀಯೂ ಅಂಥದ್ದೇ ಎಂದು ನೆನಪಾಯಿತು.

ಹೆರಿಗೆಗೆ ಮುಂಚೆ ನೋಡುತ್ತಿದ್ದ ಡಾಕ್ಟರಮ್ಮನಿಗೆ ಫೋನು ಹೋಯಿತು. ಆಕೆ ಒಳ್ಳೆಯವಳು, ತಾಳ್ಮೆಯಿಂದ ಹೇಳಿದಳು. ಆ ಚೂರುಗಳು ಈಗ ಹೆಚ್ಚುಕಡಿಮೆ ಎಲ್ಲರಲ್ಲೂ ಇವೆಯಂತೆ. ಅವು ಒಳಗೆ ಕೂತು ಏನು ಮಾಡುತ್ತವೆ ಎಂಬುದನ್ನು ಇನ್ನೂ ಹುಡುಕುತ್ತಿದ್ದಾರಂತೆ, ಒಳ್ಳೆಯದನ್ನಂತೂ ಮಾಡಲಾರವು. ಆದರೆ ತಾಯಿಹಾಲು ಏನು ಮಾಡುತ್ತದೆ ಎಂಬುದು ಚೆನ್ನಾಗಿ ಗೊತ್ತಿದೆ, ಅದನ್ನು ನಿಲ್ಲಿಸುವುದೇ ದೊಡ್ಡ ನಷ್ಟ, ಈಗಲೇ ಕೂಸನ್ನು ಎದೆಗೆ ಹಾಕಿಕೋ ಎಂದಳು. ನನ್ನ ಹಾಲಿನಲ್ಲಿ ಇಲ್ಲ ಎಂದು ನೀವು ಹೇಳುತ್ತೀರಾ ಎಂದು ಭಾನುಪ್ರಿಯ ಕೇಳಿದಳು. ಹಾಗೆ ಯಾರೂ ಹೇಳಲಾರರು ಎಂದಳು ಡಾಕ್ಟರಮ್ಮ. ಭಾನುಪ್ರಿಯ ಅಷ್ಟು ಮಾತಿನಲ್ಲಿ ಇದೊಂದನ್ನೇ ಹಿಡಿದುಕೊಂಡು ಫೋನು ಕೆಳಗಿಟ್ಟಳು.

ಮರುದಿನ ಸ್ವಾಮಿ ಪುಡಿಹಾಲಿನ ಡಬ್ಬಿ, ಒಂದು ಬಾಟಲಿ ಹಿಡಿದು ಓಡಿಬಂದ. ಬಾಟಲಿಯ ಮೇಲೆ ಹಸಿರು ಎಲೆಯ ಚಿತ್ರವಿತ್ತು, ಹಾಗಾಗಿ ಒಳ್ಳೆಯದೇ ಇರಬೇಕು ಎಂದು ಆರಿಸಿ ತಂದಿದ್ದ. ಬಾಟಲಿಯೂ ಪ್ಲಾಸ್ಟಿಕ್ಕು, ಅದರೊಳಗೆ ಬಿಸಿನೀರು ಸುರಿದು ಕುಲುಕಿದರೆ ಚೂರುಗಳು ಇನ್ನೂ ಹೆಚ್ಚು ಬಿಡುತ್ತವೆ ಎಂದು ಹೆಂಡತಿ ಓದಿ ಹೇಳಿದಾಗ ಅವನ ಮುಖ ನೋಡುವಂತಿರಲಿಲ್ಲ. ಅಜ್ಜಿ ಹೊಂಬಾಳಮ್ಮ ತನ್ನ ಪೆಟ್ಟಿಗೆಯಿಂದ ಬೆಳ್ಳಿಯ ಒಳಲೆ ತೆಗೆದುಕೊಟ್ಟಳು. ಮಕ್ಕಳ ಬಾಯಿಗೆ ಹಾಲು ಹನಿಸುವ, ಉದ್ದ ಮೂತಿಯ ಆ ಪುಟ್ಟ ಬಟ್ಟಲಿನ ಮೇಲೆ ಭಾನುಪ್ರಿಯಳಿಗೆ ಯಾವ ತಕರಾರೂ ಇರಲಿಲ್ಲ. ಆದರೆ ಪುಡಿ ಕಲಸಲು ನೀರು ಬೇಕಲ್ಲ. ನೀರು ಮನೆಯ ಮೇಲಿನ ಕಪ್ಪು ಟ್ಯಾಂಕಿನಿಂದ ಬರುತ್ತದೆ. ಟ್ಯಾಂಕು ಪ್ಲಾಸ್ಟಿಕ್ಕು. ಟ್ಯಾಂಕಿಗೆ ಬರುವ ಪೈಪು ಪ್ಲಾಸ್ಟಿಕ್ಕು. ಅವಳ ಅಪ್ಪ ಚೆಲುವಯ್ಯ ಆ ಪೈಪನ್ನು ತಾನೇ ನಿಂತು ಹಾಕಿಸಿದವನು, ಎಲ್ಲೂ ಒಂದು ಕಬ್ಬಿಣದ ತುಂಡು ಬಳಸಿಲ್ಲ, ತುಕ್ಕು ಹಿಡಿಯುವ ಮಾತೇ ಇಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡವನು. ಈಗ ಬಿಂದಿಗೆ ಎತ್ತಿಕೊಂಡು ತೋಟದಾಚೆಯ ಕಲ್ಲುಬಾವಿಗೆ ಹೋಗಿ ನೀರು ಸೇದಿ ತಂದ. ಸೇದಿದ ಹಗ್ಗ ನೈಲಾನಿನದು ಎಂದು ಮಗಳು ನೆನಪಿಸಿದಳು. ಚೆಲುವಯ್ಯ ಆ ನೀರನ್ನು ಹಸುಗಳಿಗೆ ಕುಡಿಸಿ ಟೀ ಅಂಗಡಿಗೆ ಹೋದ.

ಕೊನೆಗೆ ಟ್ಯಾಂಕಿನ ನೀರನ್ನೇ ಕುದಿಸಿ, ಮೂರು ಪದರ ಬಟ್ಟೆಯಲ್ಲಿ ಸೋಸಿ ಪುಡಿ ಕಲಸಿದರು. ಕೂಸು ಒಳಲೆಯ ಮೂತಿಯನ್ನು ನಾಲಗೆಯಿಂದ ನೂಕಿ, ಹಾಲನ್ನು ಮುಖಕ್ಕೆಲ್ಲ ಮೆತ್ತಿಕೊಂಡು, ಊರು ಕೇಳುವಂತೆ ಅತ್ತಿತು. ಒಳಗೆ ಹೋದ ಸ್ವಲ್ಪಕ್ಕೂ ಹೊಟ್ಟೆ ಉಬ್ಬರಿಸಿಕೊಂಡಿತು. ಅತ್ತ ಭಾನುಪ್ರಿಯಳ ಎದೆ ಕಟ್ಟಿಕೊಂಡು ಕಲ್ಲಾಗುತ್ತಿತ್ತು. ಕೂಸು ಅತ್ತಾಗಲೆಲ್ಲ ಕುಪ್ಪಸ ನೆನೆಯುತ್ತಿತ್ತು. ಅವಳು ಹಲ್ಲು ಕಚ್ಚಿ ಹಿಂಡಿ, ಸ್ಟೀಲ್ ಲೋಟದಲ್ಲಿ ತುಂಬಿ, ಚೆಲ್ಲಿಬಿಡು ಎಂದು ತಾಯಿಯ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದಳು.

ಎದೆಹಾಲನ್ನು ಯಾರೂ ತುಳಿಯುವ ಜಾಗಕ್ಕೆ ಚೆಲ್ಲಬಾರದು. ವೆಂಕಟಲಕ್ಷ್ಮಮ್ಮ ಅದನ್ನು ಹಿತ್ತಲಿನ ದಾಸವಾಳದ ಬುಡಕ್ಕೆ ಸುರಿಯುತ್ತಿದ್ದಳು. ಪ್ರತಿ ಸಲವೂ ಗಿಡದ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಹೊತ್ತಿಗೆ ಮುಂಚೆ ಎದ್ದು ಹಸು ಕರೆದು, ಒಂದು ತೊಟ್ಟೂ ನೆಲಕ್ಕೆ ಬೀಳದಂತೆ ಬದುಕಿದವಳಿಗೆ ಇದು ಯಾವ ಲೆಕ್ಕಕ್ಕೂ ಸಿಗದ ದುಃಖವಾಗಿತ್ತು. ಜೊತೆಗೆ ಇನ್ನೊಂದು ವಿಚಿತ್ರವೂ ಕಾಡುತ್ತಿತ್ತು. ಮಗಳು ಕೂಸಿನ ಮೇಲೆ ಪ್ರೀತಿ ಇಲ್ಲದೆ ಹೀಗೆ ಮಾಡುತ್ತಿದ್ದರೆ ಗದರಿಸಬಹುದಿತ್ತು. ಪ್ರೀತಿಯೇ ಹೀಗೆ ಅಡ್ಡ ನಿಂತಾಗ ಅದನ್ನು ಏನೆಂದು ಗದರಿಸುವುದು?

ಹೊಂಬಾಳಮ್ಮ ಜಗಲಿಯಿಂದಲೇ ನೋಡುತ್ತಿದ್ದಳು. “ಆ ಗಿಡಕ್ಕೆ ಇನ್ನ ಹಲ್ಲು ಬತ್ತವೆ ಕಣೆ ಲಕ್ಷ್ಮಿ,” ಅಂದಳು. ಆಮೇಲೆ ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ, ಡೈರಿಯಲ್ಲಿ ಮಿಷಿನ್ನು ಇರುವುದು ಮತ್ತೆ ಯಾತಕ್ಕೆ ಎಂದು ಕೇಳಿದಳು. ನೀರು ಹಾಕಿದರೆ ಹಿಡಿಯುತ್ತದೆ, ಉಪ್ಪು ಹಾಕಿದರೆ ಹಿಡಿಯುತ್ತದೆ, ಸಕ್ಕರೆ ಹಾಕಿದರೂ ಬಿಡುವುದಿಲ್ಲವಂತೆ. ಅಂಥದ್ದು ಪ್ಲಾಸ್ಟಿಕ್ಕನ್ನು ಬಿಟ್ಟೀತೇ?

ಆ ಮಿಷಿನ್ನು ಪ್ಲಾಸ್ಟಿಕ್ ನೋಡುವುದಿಲ್ಲ ಎಂದು ವೆಂಕಟಲಕ್ಷ್ಮಮ್ಮನಿಗೆ ಗೊತ್ತಿತ್ತು. ಅವಳು ಊರಿನ ಹಾಲಿನ ಡೈರಿಯ ಡೈರೆಕ್ಟರು. ಆದರೂ ಆ ಮಾತು ತಲೆಯಿಂದ ಹೋಗಲಿಲ್ಲ. ಮಗಳು ಅಮ್ಮನ ಮಾತು ನಂಬುವುದಿಲ್ಲ, ಅಜ್ಜಿಯ ಮಾತಿಗೆ ನಗುತ್ತಾಳೆ, ಡಾಕ್ಟರ ಮಾತಿನಲ್ಲಿ ಬೇಕಾದ್ದನ್ನು ಮಾತ್ರ ಹೆಕ್ಕುತ್ತಾಳೆ. ಆದರೆ ಅಂಕಿ ಕಂಡರೆ ತಲೆಬಾಗುತ್ತಾಳೆ. ಚಿಕ್ಕಂದಿನಿಂದಲೂ ಹಾಗೆಯೇ. ಇಷ್ಟು ಫ್ಯಾಟು, ಇಷ್ಟು ಡಿಗ್ರಿ, ಹಾಲು ಉತ್ತಮ ಎಂದು ಮಿಷಿನ್ನೇ ಒಂದು ಚೀಟಿ ಕೊಟ್ಟರೆ ಒಂದಿಷ್ಟಾದರೂ ಧೈರ್ಯ ಬರಬಹುದು. ಹೀಗೆ ಯೋಚಿಸಿ ಅವಳು ಆ ಸಂಜೆ ಲೋಟದ ಹಾಲನ್ನು ದಾಸವಾಳಕ್ಕೆ ಹಾಕದೆ, ಮುಚ್ಚಳವಿರುವ ಸಣ್ಣ ಸ್ಟೀಲ್ ಡಬ್ಬಿಗೆ ಬಗ್ಗಿಸಿ, ಸೆರಗಿನಡಿ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಹಸುವಿನ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಳು.

ಜನ ಕರಗಲಿ ಎಂದು ಕೊನೆಗೆ ನಿಂತಳು. ಎಲ್ಲರೂ ಹೋದರು, ಬೋರಲಿಂಗಯ್ಯ ಒಬ್ಬ ಹೋಗಲಿಲ್ಲ. ಅವನಿಗೆ ಹೋಗುವ ಮನಸ್ಸೂ ಇರಲಿಲ್ಲ. ಹೋದ ಬೇಸಿಗೆಯಲ್ಲಿ ಅವನ ಹಾಲಿನಲ್ಲಿ ನೀರು ಸಿಕ್ಕಿ, ವೆಂಕಟಲಕ್ಷ್ಮಮ್ಮ ಮೀಟಿಂಗಿನಲ್ಲಿ ಒಂದು ನಿಯಮ ತಂದಿದ್ದಳು. ಮಿಷಿನ್ನು ನೀರು ತೋರಿಸಿದರೆ ಮರುದಿನ ಬೆಳಗ್ಗೆ ಡೈರಿಯವರು ಆ ಮನೆಯ ಕೊಟ್ಟಿಗೆಗೆ ಹೋಗಿ, ಕಣ್ಣೆದುರೇ ಕರೆಸಿ ಪರೀಕ್ಷೆ ಮಾಡಬೇಕು. ಆ ನಿಯಮದ ಮೊದಲ ಮರ್ಯಾದೆ ಬೋರಲಿಂಗಯ್ಯನಿಗೇ ಆಗಿತ್ತು. ಅಂದಿನಿಂದ ಅವನು ತನ್ನ ಹಾಲು ಅಳೆಸಿದ ಮೇಲೂ ಡೈರಿಯ ಮೆಟ್ಟಿಲ ಮೇಲೆ ಕೂತು, ಎಲ್ಲರ ಅಂಕಿಯನ್ನೂ ನೋಡಿಯೇ ಮನೆಗೆ ಹೋಗುತ್ತಿದ್ದ.

ಮಿಷಿನ್ನಿನ ಹಿಂದೆ ಕೂರುವ ಹುಡುಗಿ ಚೈತ್ರಾ. ನೇರ ಸ್ವಭಾವದವಳು, ಬಿ.ಕಾಂ. ಮಾಡಿದವಳು. ವೆಂಕಟಲಕ್ಷ್ಮಮ್ಮ ಕ್ಯಾನಿನ ಹಾಲು ಅಳೆಸಿ ಸುರಿದ ಮೇಲೆ ಡಬ್ಬಿಯನ್ನು ಕಿಟಕಿಯೊಳಗೆ ಚಾಚಿ, ದನಿ ತಗ್ಗಿಸಿ ಹೇಳಿದಳು:

“ಚೊಚ್ಚಲು ಕಣವ್ವ. ಮೊದಲ್ನೇ ಸಲ. ಒಸಿ ಬ್ಯಾರೆಯಾಗಿ ನೋಡ್ಬುಟ್ಟು ಒಂದು ಚೀಟಿ ಕೊಡು.”

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂದು ಅವಳು ಮನಸ್ಸಿನಲ್ಲೇ ಸಮಾಧಾನ ಮಾಡಿಕೊಂಡಳು. ಚೀಟಿ ಬೇಕಾದರೆ ಸದಸ್ಯರ ನಂಬರು ಒತ್ತಬೇಕು. ಚೈತ್ರಾ ಒತ್ತಿದಳು. ಮಿಷಿನ್ನಿನ ನಳಿಕೆ ಡಬ್ಬಿಯೊಳಗೆ ಇಳಿದು ಒಂದು ಗುಟುಕು ಎಳೆದುಕೊಂಡಿತು. ಹೊರಗೋಡೆಯ ಬೋರ್ಡಿನಲ್ಲಿ ಕೆಂಪು ಅಂಕಿಗಳು ಮೂಡಿದವು. ಫ್ಯಾಟು ಮೂರೂವರೆ ದಾಟಿತ್ತು. ಅವಳ ಮುಖ ಅರಳಿತು, ಯಾವುದೋ ಹಸುವಿಗೆ ಅಷ್ಟು ಬಂದಿದ್ದರೆ ಇಷ್ಟು ಅರಳುತ್ತಿರಲಿಲ್ಲ. ಆಮೇಲೆ ಹಾಲಿನ ಗಟ್ಟಿತನ ಹೇಳುವ ಡಿಗ್ರಿ ಬಂತು, ತೀರ ಕಡಿಮೆ. ಅದರ ಹಿಂದೆಯೇ ನೀರಿನ ಅಂಕಿ ಬಂತು. ನೂರಕ್ಕೆ ಹದಿನೆಂಟು.

ಮೆಟ್ಟಿಲ ಮೇಲೆ ಬೋರಲಿಂಗಯ್ಯ ಎದ್ದು ನಿಂತ. ಬೋರ್ಡನ್ನು ನೋಡಿದ. ವೆಂಕಟಲಕ್ಷ್ಮಮ್ಮನನ್ನು ನೋಡಿದ. ಅವನಿಗೆ ಮಾತು ಹುಡುಕಲು ಅವಸರವಿರಲಿಲ್ಲ. ಇಷ್ಟು ತಿಂಗಳು ಕಾದವನು ಇನ್ನೊಂದು ಗಳಿಗೆ ಕಾಯಬಲ್ಲವನಾಗಿದ್ದ.

“ಡೈರೆಕ್ಟ್ರಮ್ಮಾರೇ,” ಅಂದ ಕೊನೆಗೆ, ಬಹಳ ವಿನಯದಿಂದ. “ನಿಮ್ ಚೊಚ್ಚಲು ಕೆರೇಲಿ ಈಜಾಡ್ಕೊಂಡು ಬಂದಿತ್ತಾ ಹೆಂಗೆ?”

ಇದು ಹಸುವಿನ ಹಾಲಲ್ಲ ಎನ್ನಬೇಕು, ಇಲ್ಲವೇ ನೀರು ಹಾಕಿದವಳು ಎನಿಸಿಕೊಳ್ಳಬೇಕು. ಮಗಳ ಎದೆಹಾಲು ಡೈರಿಯ ಬೋರ್ಡಿನಲ್ಲಿ ಕೆಂಪಗೆ ಉರಿಯುತ್ತಿದೆ ಎಂದು ಬಾಯಿಬಿಟ್ಟರೆ ಆ ಹುಡುಗಿ ಮತ್ತೆ ಈ ಊರಿಗೆ ಕಾಲಿಡುವುದು ಹೇಗೆ? ವೆಂಕಟಲಕ್ಷ್ಮಮ್ಮ ನೀರಿನ ಹೆಸರನ್ನು ತಾನೇ ಹೊತ್ತುಕೊಂಡು, ಖಾಲಿ ಕ್ಯಾನು ತೂಗಾಡಿಸುತ್ತ ಮನೆಗೆ ನಡೆದಳು. ಹೆಂಗಸರು ಮಕ್ಕಳಿಗಾಗಿ ಏನೇನೋ ಹೊರುತ್ತಾರೆ. ತಾನು ಹದಿನೆಂಟು ಪಾಲು ನೀರನ್ನು ಹೊರುತ್ತಿದ್ದೇನೆ ಎನಿಸಿ, ಅಷ್ಟು ಸಂಕಟದಲ್ಲೂ ದಾರಿಯಲ್ಲಿ ಒಮ್ಮೆ ನಗು ಬಂತು.

ಮನೆ ಮುಟ್ಟುವುದರೊಳಗೆ ಡೈರಿಯ ಮೆಸೇಜು ಚೆಲುವಯ್ಯನ ಫೋನು ಮುಟ್ಟಿತ್ತು. ಅವನು ಕ್ಯಾನು ತೊಳೆದವರು ಯಾರು, ತೊಳೆದು ಬೋರಲು ಹಾಕಲಿಲ್ಲ ಯಾಕೆ ಎಂದು ತನ್ನ ತಾಯಿಯನ್ನು ವಿಚಾರಿಸುತ್ತಿದ್ದ. ಹೊಂಬಾಳಮ್ಮ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲುಗುತ್ತಿದ್ದಳು. ವೆಂಕಟಲಕ್ಷ್ಮಮ್ಮ ಗಂಡನನ್ನು ಹಿತ್ತಲಿಗೆ ಕರೆದೊಯ್ದು ಇದ್ದದ್ದನ್ನು ಹೇಳಿದಳು. ಚೆಲುವಯ್ಯ ದಾಸವಾಳದ ಗಿಡದ ಕಡೆ ನೋಡಿದ.

“ಸರಿ, ನಾಳೆ ಬೆಳಿಗ್ಗೆ ಅವ್ರು ಬತ್ತಾರಲ್ಲ,” ಅಂದ. “ಯಾರ್ನ ತೋರ್ಸಾದು?”

ಮರುದಿನ ಬೋರಲಿಂಗಯ್ಯ ಗಡ್ಡ ಹೆರೆದುಕೊಂಡು, ಮದುವೆಗೆ ಹಾಕುವ ಬಿಳಿ ಅಂಗಿ ಹಾಕಿಕೊಂಡು ಬಂದ. ಜೊತೆಯಲ್ಲಿ ಸ್ಯಾಂಪಲ್ ಶೀಶೆ ಹಿಡಿದ ಚೈತ್ರಾ, ಅವಳ ಹಿಂದೆ ಬೇರೆ ಕೆಲಸವಿಲ್ಲದ ಮೂರು ನಾಲ್ಕು ಜನ. ಚೆಲುವಯ್ಯ ಎರಡು ಹಸುಗಳ ಮೈ ತೊಳೆದು, ಕೊಟ್ಟಿಗೆ ಗುಡಿಸಿ, ಆಗಲೇ ತಪ್ಪೊಪ್ಪಿಕೊಂಡವನಂತೆ ನಿಂತಿದ್ದ. ಎರಡನ್ನೂ ಕರೆದರು. ಹಾಲು ನೊರೆ ಕಟ್ಟಿಕೊಂಡು ಗಟ್ಟಿಯಾಗಿತ್ತು, ನೋಡಿದರೇ ಗೊತ್ತಾಗುತ್ತಿತ್ತು. ಬೋರಲಿಂಗಯ್ಯ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಇವೆರಡೂ ಹಳೆಯ ಹಸುಗಳು, ಚೊಚ್ಚಲು ಎಲ್ಲಿ ಎಂದು ಕೇಳಿದ. ಕೊಟ್ಟಿಗೆಯ ಹಿಂದೆ ನೋಡಿದ, ಹುಲ್ಲಿನ ಮೆದೆಯ ಸುತ್ತ ಒಂದು ಸುತ್ತು ಬಂದ. ನಿನ್ನೆ ನೀವೇ ಚೊಚ್ಚಲು ಅಂದಿರಲ್ಲ ಅಮ್ಮ ಎಂದು ಚೈತ್ರಾ ಕೂಡ ಗೊಂದಲದಿಂದ ಕೇಳಿದಳು. ವೆಂಕಟಲಕ್ಷ್ಮಮ್ಮ ಬಾಯಿಗೆ ಬಂದ ಒಂದು ಸುಳ್ಳು ಹೇಳಿದಳು, ಅದನ್ನು ತನ್ನ ತವರಿಗೆ ಹೊಡೆದುಕೊಂಡು ಹೋದರು ಎಂದು. ರಾತ್ರೋರಾತ್ರಿ ಹಸು ಸಾಗಿಸಿದ್ದೀರಾ ಎಂದು ಬೋರಲಿಂಗಯ್ಯ ದನಿ ಏರಿಸಿದ. ಡೈರೆಕ್ಟರಿಗೊಂದು ನ್ಯಾಯ, ನಮಗೊಂದು ನ್ಯಾಯವೇ ಎಂದು ಹಿಂದಿದ್ದವರ ಕಡೆ ತಿರುಗಿ ಭಾಷಣ ಶುರುಮಾಡಿದ.

ಜಗಲಿಯಲ್ಲಿದ್ದ ಹೊಂಬಾಳಮ್ಮನಿಗೆ ಇಷ್ಟು ಹೊತ್ತು ತಡೆದದ್ದೇ ಹೆಚ್ಚಾಗಿತ್ತು.

“ಚೊಚ್ಚಲು ಒಳಗೈತೆ ಕಣ್ಲಾ ಬೋರಲಿಂಗ,” ಅಂದಳು. “ತಲೆಗೆ ಬಟ್ಟೆ ಕಟ್ಕೊಂಡು ಕುಂತೈತೆ. ಬೇಕಾದ್ರೆ ಹೋಗಿ ಕೇಳು, ನೀರ್ಯಾಕವ್ವ ಹಾಕ್ದೆ ಅಂತ.”

ಚೈತ್ರಾಗೆ ಮೊದಲು ಅರ್ಥವಾಯಿತು. ಅವಳು ಕೈಯಲ್ಲಿದ್ದ ಶೀಶೆಯನ್ನು ನೋಡಿ, ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡಳು. ಹಿಂದಿದ್ದವರಲ್ಲಿ ಒಬ್ಬ ಕೆಮ್ಮಿದ. ಬೋರಲಿಂಗಯ್ಯನ ಭಾಷಣ ಒಂದು ವಾಕ್ಯದ ನಡುವೆ ನಿಂತು, ಅವನ ಕಿವಿಗಳು ಮೊದಲು ಕೆಂಪಾಗಿ ಆಮೇಲೆ ಕಪ್ಪಾದವು.

ಬಾಗಿಲಿನಲ್ಲಿ ಭಾನುಪ್ರಿಯ ನಿಂತಿದ್ದಳು. ಹೊರಗಿನ ಗಲಾಟೆ ಅವಳಿಗೆ ಅಷ್ಟೂ ಕೇಳಿಸಿತ್ತು. ಕಿವಿಯ ಹತ್ತಿ ಕೈಯಲ್ಲಿತ್ತು. ಬಾಣಂತಿ ಹೊಸ್ತಿಲಿಗೆ ಬರಬಾರದು, ಗಾಳಿಗೆ ನಿಲ್ಲಬಾರದು ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ವೆಂಕಟಲಕ್ಷ್ಮಮ್ಮ ತಲೆ ತಗ್ಗಿಸಿ ಬೈಗುಳಕ್ಕೆ ಸಿದ್ಧಳಾದಳು.

“ನನ್ನ ಕೇಳ್ದೆ ತಗೊಂಡ್ ಹೋದ್ಯಲ್ಲಮ್ಮ. ಅದನ್ನ ಆಮ್ಯಾಲೆ ಮಾತಾಡ್ತೀನಿ,” ಅಂದಳು ಮಗಳು. ಅವಳ ಕಣ್ಣು ಬೇರೆ ಕಡೆ ಇತ್ತು. “ಬೋರಲಿಂಗ ಮಾವ, ಕರು ಹುಟ್ಟಿ ಎಷ್ಟೊತ್ಗೆ ಎದ್ದು ನಿಲ್ತದೆ?”

ಬೋರಲಿಂಗಯ್ಯ ನೆಲ ನೋಡುತ್ತ, ಒಂದು ಗಳಿಗೆ ಸಾಕು ಕಣವ್ವ ಅಂದ.

“ನನ್ನ ಕೂಸು ನಿಲ್ಲಾಕೆ ಒಂದು ವರ್ಷ ಬೇಕು. ಅದಕ್ಯಾಕೆ ಹಸಿನಷ್ಟು ಗಟ್ಟಿ ಹಾಲು? ನಿಮ್ ಮಿಷಿನ್ನು ಹಸ ನೋಡಾಕೆ ಮಾಡಿರಾದು. ಅದಕ್ಕೆ ಮನುಷ್ಯರ ಹಾಲು ಏನ್ ಗೊತ್ತು?”

ಮುಂದೆ ಅವಳು ಹೇಳಿದ್ದು ಹೈಸ್ಕೂಲಿನ ಒಂದು ಪೂರ್ತಿ ಪೀರಿಯಡ್ಡಿನಷ್ಟಿತ್ತು. ಮನುಷ್ಯರ ಹಾಲು ತೆಳ್ಳಗೇ ಇರುತ್ತದೆ, ಇರಬೇಕು. ಸಣ್ಣ ಹೊಟ್ಟೆಗೆ ಅಷ್ಟೇ ಅರಗುವುದು. ನೀರಡಿಕೆಯೂ ಅದರಲ್ಲೇ ತೀರುತ್ತದೆ. ಹೊತ್ತಿಗೆ ತಕ್ಕಂತೆ, ಕೂಸು ಬೆಳೆದಂತೆ, ಹಾಲೂ ಬದಲಾಗುತ್ತದೆ, ಯಾವ ಮಿಷಿನ್ನಿಗೂ ಹಾಗೆ ಬದಲಾಯಿಸಲು ಬರುವುದಿಲ್ಲ. ಬಂದಿದ್ದವರು ಕದಲದೆ ನಿಂತು ಕೇಳಿದರು. ಬೋರಲಿಂಗಯ್ಯ ಕೈ ಕಟ್ಟಿಕೊಂಡಿದ್ದ. ಮಗಳ ಮೈಯಲ್ಲಿ ಇಷ್ಟು ದಿನ ಕಾಣದಿದ್ದ ಬಿಸಿಯನ್ನು ವೆಂಕಟಲಕ್ಷ್ಮಮ್ಮ ತಲೆ ಎತ್ತಿ ನೋಡಿದಳು. ಆ ಹಾಲಿನಲ್ಲಿ ವಿಷ ಇದೆ ಎಂದು ತಾನೇ ಗೋಡೆಗೆ ತಿರುಗಿ ಮಲಗಿದವಳು, ಅದರಲ್ಲಿ ನೀರಿದೆ ಎಂದು ಬೇರೆ ಒಬ್ಬ ಅಂದದ್ದನ್ನು ತಡೆಯಲಾರದೆ ಹೋಗಿದ್ದಳು.

“ಕೂಸಿಗೆ ಕಾಯಿಲೆ ಬರದಂಗೆ ಕಾಯೋದು ಅದ್ರಲ್ಲೈತೆ,” ಎಂದಳು ಭಾನುಪ್ರಿಯ. “ತಾಯಿ ಮೈಯಿಂದ್ಲೇ ಬರ್ಬೇಕು ಅದು. ಯಾವ ಡಬ್ಬಿ ಪುಡೀಲೂ…”

ಅಲ್ಲಿ ನಿಂತಳು. ತನ್ನ ಮಾತು ತನಗೇ ಕೇಳಿಸಿದಂತಿತ್ತು. ಒಳಗೆ ಕೂಸು ಎದ್ದು ಅಳಲು ಶುರುಮಾಡಿತು. ಅವಳ ಕುಪ್ಪಸದ ಮೇಲೆ ಎರಡು ಕಡೆ ಒದ್ದೆ ಹರಡಿತು. ಅವಳು ಸೆರಗು ಎಳೆದುಕೊಂಡು, ಬಂದವರನ್ನು ಕೂರಿ ಎಂದೂ ಹೇಳದೆ, ಹೋಗಿ ಎಂದೂ ಹೇಳದೆ ಒಳಗೆ ಹೋದಳು.

ವೆಂಕಟಲಕ್ಷ್ಮಮ್ಮ ಹಿಂದೆಯೇ ಹೋದಾಗ ಅಳು ನಿಂತಿತ್ತು. ಕೂಸು ಎರಡೂ ಕೈಗಳಿಂದ ತಾಯಿಯ ಎದೆಯನ್ನು ಹಿಡಿದು, ಮೂಗಿನಲ್ಲಿ ಸದ್ದು ಮಾಡುತ್ತ ಕುಡಿಯುತ್ತಿತ್ತು. ಭಾನುಪ್ರಿಯ ಅದರ ನೆತ್ತಿಯನ್ನು ನೋಡುತ್ತಿದ್ದಳು. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

“ಪ್ಲಾಸ್ಟಿಕ್ ಇರ್ತದೆ ಕಣಮ್ಮ,” ಅಂದಳು. “ನಾ ಓದಿದ್ದು ಸುಳ್ಳಲ್ಲ. ಇದ್ರ ಜೊತೇಲೇ ಅದೂ ಹೋಗ್ತಾ ಐತೆ.”

ಇಲ್ಲ ಬಿಡು ಎಂದುಬಿಡಬಹುದಿತ್ತು. ಹಾಗೆ ಹೇಳಿ ರೂಢಿಯೂ ಇತ್ತು. ಆದರೆ ಈ ಹುಡುಗಿಗೆ ಸುಳ್ಳು ಸಮಾಧಾನ ಹಿಡಿಸುವುದಿಲ್ಲ ಎಂದು ವೆಂಕಟಲಕ್ಷ್ಮಮ್ಮನಿಗೆ ಗೊತ್ತಿತ್ತು. ಅವಳು ಮಂಚದ ಅಂಚಿನಲ್ಲಿ ಕೂತು ಮಗಳ ಬೆನ್ನಿಗೆ ದಿಂಬು ಕೊಟ್ಟಳು.

“ಹೋಗ್ತೈತೇನೋ ಮಗಾ. ಕವರಿನ ಟೀ ಇನ್ನ ಬ್ಯಾಡ. ಆಗೋವಷ್ಟು ತಡಿಯಾಣ. ಉಳಿದದ್ದಕ್ಕೆ ನೀನೊಬ್ಬಳೇ ಹೊಣೆ ಅಂದ್ಕೋಬ್ಯಾಡ.”

ಭಾನುಪ್ರಿಯ ತಲೆಯನ್ನು ತಾಯಿಯ ಭುಜಕ್ಕೆ ಆನಿಸಿದಳು. ಹೊರಗೆ ಬೋರಲಿಂಗಯ್ಯ, ತಾನು ನೀರು ಅಂದದ್ದು ಹಸುವಿಗೆ ಮಾತ್ರ, ಹೆಣ್ಣುಮಕ್ಕಳಿಗೆ ಅಂಥ ಮಾತು ಎಂದೂ ಆಡಿದವನಲ್ಲ ಎಂದು ಚೆಲುವಯ್ಯನಿಗೆ ಮತ್ತೆ ಮತ್ತೆ ಹೇಳುತ್ತಿದ್ದ. ನಿನ್ನೆಯ ಅಂಕಿಯನ್ನು ಮಿಷಿನ್ನಿನಿಂದ ಅಳಿಸಲು ಬರುವುದಿಲ್ಲವಲ್ಲ, ಯಾವ ಹಸು ಎಂದು ಬರೆಯಲಿ ಎಂದು ಚೈತ್ರಾ ಕೇಳುತ್ತಿದ್ದಳು. ಹೊಂಬಾಳಮ್ಮ ಅದಕ್ಕೆ ಏನೋ ಹೇಳಿದಳು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಬೋರಲಿಂಗಯ್ಯ. ಆ ಸದ್ದಿಗೆ ಕೂಸು ಬೆಚ್ಚಿ, ಒಮ್ಮೆ ಬಾಯಿ ಬಿಟ್ಟು ಉಸಿರೆಳೆದುಕೊಂಡು, ಮತ್ತೆ ಹಿಡಿಯಿತು.